ಮನೇಲಿ ಪಂಪ್‌ಕಿನ್ ಸ್ಪೈಸ್ ಸ್ಕೋನ್ ಮಾಡೋದು ಹೇಗೆ: ಮೊದಲು ಕುಂಬಳಕಾಯಿ ನೀರು ಇಳಿಸಿ

ಸ್ಕೋನ್ ಅಂದ್ರೆ ಈಸ್ಟ್ ಇಲ್ಲದೆ ಓವನ್‌ನಲ್ಲಿ ಬೇಯಿಸೋ, ಸಣ್ಣ ಬ್ರೆಡ್ಡಿನಂಥ ತಿಂಡಿ. ಪಂಪ್‌ಕಿನ್ ಸ್ಕೋನ್ ಮಾಡಿದೆ, ಮೇಲೇಳ್ಲೇ ಇಲ್ಲ, ಟ್ರೇ ತುಂಬ ಹರಡ್ಕೊಂಡ್ಬಿಡ್ತು, ಒಳಗಡೆ ಇನ್ನೂ ಹಸಿ ಹಸಿ ಇದೆ ಅಂತ ಹೇಳೋರು ಬಹಳ ಜನ. ಅವರೆಲ್ಲ ಮೊದಲು ಅನುಮಾನ ಪಡೋದು ಬೇಕಿಂಗ್ ಪೌಡರ್ ಮೇಲೆ, ಆಮೇಲೆ ಓವನ್ ಮೇಲೆ. ನಾನೂ ಹಾಗೇ ಅಂದ್ಕೊಂಡಿದ್ದೆ, ಬೇಕಿಂಗ್ ಪೌಡರ್ ಹೊಸ ಡಬ್ಬಿ ತಂದು ಮಾಡಿದ್ರೂ ಅದೇ ಕಥೆ ಆದಾಗ ಗೊತ್ತಾಯ್ತು ತೊಂದ್ರೆ ಇರೋದು ಕುಂಬಳಕಾಯಿ ಒಳಗಿನ ನೀರಲ್ಲಿ ಅಂತ. ಕುಂಬಳಕಾಯಿ ತೂಕದಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ. ಕೇಕಿಗೆ, ಮಫಿನ್‌ಗೆ ಅದು ಪರವಾಗಿಲ್ಲ, ಅವು ಮೆತ್ತಗಿದ್ರೇ ಚೆನ್ನ. ಸ್ಕೋನ್ ಹಾಗಲ್ಲ, ಹೊರಗಡೆ ಗರಿ ಗರಿ, ಒಳಗಡೆ ಪದರ ಪದರ, ಕೈಯಲ್ಲಿ ಮುರಿದ್ರೆ ಎಳೆ ಎಳೆಯಾಗಿ ಬಿಟ್ಕೋಬೇಕು. ಹಿಟ್ಟು ನೀರಾದ್ರೆ ಪದರ ಅನ್ನೋದೇ ಇರಲ್ಲ. ಅದಕ್ಕೇ ಈ ರೆಸಿಪಿಯಲ್ಲಿ ಅರ್ಧ ಕೆಲಸ ಹಿಟ್ಟು ಮುಟ್ಟೋಕೆ ಮುಂಚೇನೇ ಮುಗಿಯತ್ತೆ.

ಸಾಮಾನು ಏನೇನು ಬೇಕು ಅಂತ ಮೊದಲು ಹೇಳ್ಬಿಡ್ತೀನಿ, ಇದು 8 ಸ್ಕೋನ್‌ಗೆ ಅಳತೆ. ಮೈದಾ 280 ಗ್ರಾಂ, ಬ್ರೌನ್ ಶುಗರ್ 70 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೇಬಲ್ ಸ್ಪೂನ್ ಮಟ್ಟಸವಾಗಿ, ಉಪ್ಪು ಅರ್ಧ ಟೀ ಸ್ಪೂನ್, ಪಂಪ್‌ಕಿನ್ ಸ್ಪೈಸ್ (ಚಕ್ಕೆ, ಶುಂಠಿ ಇರೋ ಮಸಾಲೆ, ಮಾಡೋದು ಹೇಗೆ ಅಂತ ಮುಂದೆ ಹೇಳ್ತೀನಿ) ಎರಡೂವರೆ ಟೀ ಸ್ಪೂನ್, ಉಪ್ಪಿಲ್ಲದ ಬೆಣ್ಣೆ 115 ಗ್ರಾಂ ಫ್ರಿಜ್ಜಿಂದ ಆಗಷ್ಟೇ ತೆಗೆದಿದ್ದು, ನೀರು ಇಳಿಸಿದ ಕುಂಬಳಕಾಯಿ ಪ್ಯೂರೀ (ಬೇಯಿಸಿ ನುಣ್ಣಗೆ ರುಬ್ಬಿದ ತಿರುಳು) 120 ಗ್ರಾಂ, ಒಂದು ಮೊಟ್ಟೆ, ತಣ್ಣಗಿರೋ ಕ್ರೀಮ್ 3 ಟೇಬಲ್ ಸ್ಪೂನ್, ಕ್ರೀಮ್ ಇಲ್ಲಾಂದ್ರೆ ಹಾಲಾದ್ರೂ ಆಗತ್ತೆ. ಮೇಲೆ ಸವರೋಕೆ ಇನ್ನೊಂದು ಸ್ಪೂನ್ ಕ್ರೀಮ್. ದಯವಿಟ್ಟು ಕಪ್ ಲೆಕ್ಕದಲ್ಲಿ ಮಾಡಬೇಡಿ, ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಕೊಳ್ಳಿ. ಮೈದಾನ ಕಪ್ಪಿಗೆ ಸ್ಪೂನಲ್ಲಿ ಹಗುರವಾಗಿ ತುಂಬಿದ್ರೆ ಸುಮಾರು 120 ಗ್ರಾಂ ಬರತ್ತೆ, ಅದೇ ಕಪ್ಪನ್ನ ಡಬ್ಬಿಯೊಳಗೆ ಒತ್ತಿ ತೆಗೆದ್ರೆ 150 ಗ್ರಾಂವರೆಗೂ ಹೋಗತ್ತೆ, ಎರಡು ಕಪ್ಪಿಗೇ 60 ಗ್ರಾಂ ವ್ಯತ್ಯಾಸ ಅಂದ್ರೆ ಅದು ಬೇರೇನೇ ಹಿಟ್ಟು.

ಈಗ ಕುಂಬಳಕಾಯಿಗೆ ಬರೋಣ. ಸಿಹಿಗುಂಬಳ ಬೇಕು, ಒಳಗೆ ಕಿತ್ತಳೆ ಬಣ್ಣ ಇರೋದು, ಬೂದುಗುಂಬಳ ಅಲ್ಲ. ತೀರಾ ದೊಡ್ಡ ಕಾಯಿಗಿಂತ ಚಿಕ್ಕದು ವಾಸಿ, ಎತ್ತಿದಾಗ ಗಾತ್ರಕ್ಕೆ ಮೀರಿ ಭಾರ ಅನ್ಸಬೇಕು, ಹೆಚ್ಚಿದಾಗ ತಿರುಳು ದಪ್ಪಗೆ, ಗಾಢ ಬಣ್ಣದಲ್ಲಿ ಇರಬೇಕು. ದೊಡ್ಡ ಕಾಯಲ್ಲಿ ನಾರೂ ಜಾಸ್ತಿ ನೀರೂ ಜಾಸ್ತಿ. ಅರ್ಧ ಕೆಜಿ ಮೇಲೊಂದಿಷ್ಟು ತೂಗೋ ಹೋಳು ಸಾಕಾಗತ್ತೆ. ಬೀಜ, ಬೀಜದ ಸುತ್ತ ಇರೋ ಎಳೆ ಎಲ್ಲ ಸ್ಪೂನಲ್ಲಿ ಕೆರೆದು ತೆಗೆದು, ಸಿಪ್ಪೆ ಹಾಗೇ ಬಿಟ್ಟು, ಹೆಚ್ಚಿದ ಮುಖ ಕೆಳಗೆ ಮಾಡಿ ಟ್ರೇ ಮೇಲಿಟ್ಟು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರಿಂದ 50 ನಿಮಿಷ ಸುಡಿ, ಚಾಕು ಚುಚ್ಚಿದ್ರೆ ಸಲೀಸಾಗಿ ಒಳಗೆ ಹೋಗಬೇಕು. ಟ್ರೇಗೆ ತಾಗಿದ ಅಂಚು ಕಂದು ಬಣ್ಣಕ್ಕೆ ತಿರುಗಿರತ್ತೆ ನೋಡಿ, ರುಚಿ ಇರೋದೇ ಅಲ್ಲಿ. ಕುಂಬಳಕಾಯಿಗೆ ತಾನಾಗೇ ರುಚಿ ಬಹಳ ಸಣ್ಣದು, ಓವನ್ ಶಾಖಕ್ಕೆ ಅದರ ಸಕ್ಕರೆ ಕಂದಾದಾಗಲೇ ಅದು ಮಸಾಲೆ ಮಧ್ಯೆ ಎದ್ದು ನಿಲ್ಲತ್ತೆ.

ನೀರಲ್ಲಿ ಹಾಕಿ ಬೇಯಿಸಬೇಡಿ. ಓವನ್‌ನಲ್ಲಿ ಅಷ್ಟು ಹೊತ್ತು ಆಗಲ್ಲ ಅನ್ನೋರು ಕುಕ್ಕರ್‌ನಲ್ಲಿ ಆವಿಯಲ್ಲಿ ಬೇಯಿಸಿ, ಹೋಳುಗಳು ನೀರಿಗೆ ತಾಗದ ಹಾಗೆ ಮೇಲೆ ತಟ್ಟೆಯಲ್ಲಿಟ್ಟು. ರುಚಿ ಸ್ವಲ್ಪ ಕಮ್ಮಿ, ಆದ್ರೆ ಕೆಲಸ ಆಗತ್ತೆ. ಬೆಂದಮೇಲೆ ಸಿಪ್ಪೆ ಬಿಡಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡ್ಕೊಳ್ಳಿ, ಒಂದ್ ತೊಟ್ಟು ನೀರೂ ಹಾಕದೆ. ಡಬ್ಬಿಯ ಪ್ಯೂರೀ ಸಿಗೋರು ಅದನ್ನೇ ಬಳಸಬಹುದು, ಖಂಡಿತ ತಪ್ಪಲ್ಲ, ಆದ್ರೆ ಡಬ್ಬಿ ಮೇಲೆ ಪಂಪ್‌ಕಿನ್ ಪೈ ಫಿಲ್ಲಿಂಗ್ ಅಂತ ಇದ್ರೆ ಬೇಡ, ಅದರಲ್ಲಿ ಸಕ್ಕರೆ ಮಸಾಲೆ ಎಲ್ಲ ಮೊದಲೇ ಸೇರಿರತ್ತೆ. ಡಬ್ಬಿಯದ್ದಾದ್ರೂ ನೀರು ಇಳಿಸಲೇಬೇಕು.

ನೀರು ಇಳಿಸೋದು ಎರಡು ಥರ. ನಿಧಾನದ್ದು, ಬಟ್ಟೆ. ಒಂದು ಜರಡಿ ಮೇಲೆ ತೆಳು ಹತ್ತಿ ಬಟ್ಟೆ ಎರಡು ಮಡಿಕೆ ಹಾಸಿ, 200 ಗ್ರಾಂ ಪ್ಯೂರೀ ಸುರಿದು, ಬಟ್ಟೆ ಗಂಟು ಕಟ್ಟಿ, ಕೆಳಗೊಂದು ಪಾತ್ರೆ ಇಟ್ಟು ಎರಡು ಗಂಟೆ ಫ್ರಿಜ್ಜಲ್ಲಿ ಬಿಡಿ, ಆಮೇಲೆ ಕೈಯಲ್ಲಿ ಮೆಲ್ಲಗೆ ಹಿಂಡಿ. ಪಾತ್ರೆಯಲ್ಲಿ ತೆಳು ಹಳದಿ ನೀರು ನಿಂತಿರತ್ತೆ. ಬಟ್ಟೆ ಬಿಚ್ಚಿದ್ರೆ ಪ್ಯೂರೀ ಒಂದೇ ಉಂಡೆಯಾಗಿ ಬಟ್ಟೆಯಿಂದ ಬಿಡಿಸ್ಕೊಂಡು ಬರತ್ತೆ, ಬಟ್ಟೆಯ ನೇಯ್ಗೆ ಗುರುತು ಅದರ ಮೇಲೆ ಅಚ್ಚೊತ್ತಿದ ಹಾಗೆ ಕಾಣ್ಸತ್ತೆ, ಹಾಗೆ ಕಾಣಿಸಿದ್ರೆ ಸರಿಯಾಗಿದೆ ಅಂತ. ಬೇಗದ್ದು, ಬಾಣಲೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ 8ರಿಂದ 10 ನಿಮಿಷ ತಿರುವಿ. ಮೊದಲು ಪುಟ್ಟ ಪುಟ್ಟ ಗುಳ್ಳೆ ಸಿಡಿಯತ್ತೆ, ಆಮೇಲೆ ಸದ್ದು ಕಮ್ಮಿಯಾಗಿ, ಸೌಟಿನಲ್ಲಿ ತಳದಲ್ಲಿ ಒಂದು ಗೆರೆ ಎಳೆದ್ರೆ ಆ ಗೆರೆ ಮುಚ್ಕೊಳ್ಳದೆ ಹಾಗೇ ನಿಲ್ಲತ್ತೆ, ಅಲ್ಲಿಗೆ ನಿಲ್ಲಿಸಿ. ನಾನು ಬಾಣಲೆ ಪಕ್ಷ, ಯಾಕಂದ್ರೆ ಬಟ್ಟೆಯಲ್ಲಿ ನೀರಿನ ಜೊತೆ ಸ್ವಲ್ಪ ಸಿಹಿಯೂ ಹೋಗತ್ತೆ, ಬಾಣಲೆಯಲ್ಲಿ ನೀರು ಮಾತ್ರ ಹೋಗಿ ರುಚಿ ಗಟ್ಟಿಯಾಗತ್ತೆ. ಯಾವ ದಾರಿ ಹಿಡಿದ್ರೂ ತೂಗಿ ನೋಡಿ, 200 ಗ್ರಾಂ ಹೋಗಿ 120 ಗ್ರಾಂ ಹತ್ರ ಬರಬೇಕು. ಆಮೇಲೆ ಅದನ್ನ ಫ್ರಿಜ್ಜಲ್ಲಿಟ್ಟು ಪೂರ್ತಿ ತಣ್ಣಗೆ ಮಾಡಿ, ಬೆಚ್ಚಗಿರೋ ಪ್ಯೂರೀ ಬೆಣ್ಣೆ ಕರಗಿಸ್ಬಿಡತ್ತೆ. ಇದನ್ನ ಹಿಂದಿನ ರಾತ್ರಿನೇ ಮಾಡಿಟ್ಕೊಂಡ್ರೆ ಬೆಳಗ್ಗೆ ಸ್ಕೋನ್ ಕೆಲಸ ಹಗುರ. ಒಂದ್ಸಲ ನಾನು ಒಂದೇ ಹಿಟ್ಟಿನ ಅಳತೆಗೆ ಅರ್ಧಕ್ಕೆ ನೀರಿಳಿಸಿದ ಪ್ಯೂರೀ, ಇನ್ನರ್ಧಕ್ಕೆ ಹಾಗೇ ಇದ್ದ ಪ್ಯೂರೀ ಹಾಕಿ ಒಂದೇ ಟ್ರೇಯಲ್ಲಿ ಪಕ್ಕಪಕ್ಕ ಇಟ್ಟು ಬೇಯಿಸಿದೆ, ಆವತ್ತಿಂದ ಈ ಹೆಜ್ಜೆ ಯಾವತ್ತೂ ಬಿಟ್ಟಿಲ್ಲ.

ಪಂಪ್‌ಕಿನ್ ಸ್ಪೈಸ್ ಅನ್ನೋ ಹೆಸರು ಕೇಳಿ ಅದರಲ್ಲಿ ಕುಂಬಳಕಾಯಿ ಪುಡಿ ಇರತ್ತೆ ಅಂದ್ಕೊಳ್ಳೋರು ಇದ್ದಾರೆ, ಇಲ್ಲ, ಅದು ಕುಂಬಳಕಾಯಿ ಪೈ ಅನ್ನೋ ಸಿಹಿ ತಿಂಡಿಗೆ ಹಾಕೋ ಮಸಾಲೆ ಅಷ್ಟೇ. ಅಮೆರಿಕಾದಲ್ಲಿ ಮೆಕ್‌ಕಾರ್ಮಿಕ್ ಕಂಪನಿ 1934ರಲ್ಲಿ ಇದನ್ನ ಪಂಪ್‌ಕಿನ್ ಪೈ ಸ್ಪೈಸ್ ಅಂತ ಒಂದೇ ಡಬ್ಬಿಯಲ್ಲಿ ಮಾರೋಕೆ ಶುರು ಮಾಡ್ತು, 2003ರಲ್ಲಿ ಸ್ಟಾರ್‌ಬಕ್ಸ್ ಇದೇ ಹೆಸರಲ್ಲಿ ಲಾಟೆ ತಂದಮೇಲೆ ಹೆಸರು ಎಲ್ಲ ಕಡೆ ಹರಡ್ತು. ಮನೇಲೇ ಮಾಡ್ಕೊಳ್ಳೋದು ಐದು ನಿಮಿಷದ ಕೆಲಸ: ಚಕ್ಕೆ ಪುಡಿ 4 ಟೀ ಸ್ಪೂನ್, ಒಣಶುಂಠಿ ಪುಡಿ 1 ಟೀ ಸ್ಪೂನ್, ಜಾಯಿಕಾಯಿ ಅರ್ಧ ಟೀ ಸ್ಪೂನ್, ಆಲ್‌ಸ್ಪೈಸ್ ಅರ್ಧ ಟೀ ಸ್ಪೂನ್, ಲವಂಗದ ಪುಡಿ ಕಾಲು ಟೀ ಸ್ಪೂನ್. ಇದು ಎರಡು ಸಲಕ್ಕೆ ಆಗತ್ತೆ, ಉಳಿದಿದ್ದು ಗಾಳಿಯಾಡದ ಡಬ್ಬಿಯಲ್ಲಿಡಿ. ಆಲ್‌ಸ್ಪೈಸ್ ಅಂದ್ರೆ ಮಸಾಲೆಗಳ ಮಿಶ್ರಣ ಅಲ್ಲ, ಅದು ಒಂದು ಮರದ ಒಣಗಿಸಿದ ಕಾಯಿ, ನೋಡೋಕೆ ದೊಡ್ಡ ಮೆಣಸಿನ ಕಾಳಿನ ಥರ ಇರತ್ತೆ. ಸಿಗ್ಲಿಲ್ಲ ಅಂದ್ರೆ ಲವಂಗ ಇನ್ನೊಂದು ಚಿಟಿಕೆ, ಚಕ್ಕೆ ಇನ್ನೊಂದು ಚಿಟಿಕೆ ಹಾಕಿ, ಲವಂಗಕ್ಕೂ ಆಲ್‌ಸ್ಪೈಸ್‌ಗೂ ವಾಸನೆ ಕೊಡೋದು ಯೂಜಿನಾಲ್ ಅನ್ನೋ ಒಂದೇ ಅಂಶ, ಹಾಗಾಗಿ ವ್ಯತ್ಯಾಸ ಜಾಸ್ತಿ ಆಗಲ್ಲ. ಆದ್ರೆ ಲವಂಗ ಕೈ ಮೀರಬಾರದು, ಮೀರಿದ್ರೆ ಬಾಯೆಲ್ಲ ಜುಮ್ಮನ್ನತ್ತೆ, ಮಿಕ್ಕಿದ್ದೆಲ್ಲ ಮುಳುಗೋಗತ್ತೆ. ಜಾಯಿಕಾಯಿ ಮಾತ್ರ ಪುಡಿ ತರದೆ ಇಡೀ ಕಾಯಿ ತಂದು ಆಗಾಗ ತುರ್ಕೊಳ್ಳಿ, ಪುಡಿ ಮಾಡಿಟ್ಟಿದ್ದರ ಘಮ ಬೇಗ ಹೋಗ್ಬಿಡತ್ತೆ.

ಇನ್ನು ಬೆಣ್ಣೆ. ಸ್ಕೋನ್ ಪದರ ಬಿಡೋದು ಹೇಗೆ ಅಂತ ಗೊತ್ತಾದ್ರೆ ಬೆಣ್ಣೆ ಯಾಕೆ ಅಷ್ಟು ತಣ್ಣಗಿರಬೇಕು ಅನ್ನೋದು ತಾನಾಗೇ ಅರ್ಥ ಆಗತ್ತೆ. ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು, ಹದಿನೈದು ಹದಿನಾರು ಭಾಗ ನೀರು. ಹಿಟ್ಟಿನ ಮಧ್ಯೆ ಬೆಣ್ಣೆ ಚೂರು ಚೂರಾಗಿ ಗಟ್ಟಿಯಾಗೇ ಉಳಿದು ಸೀದಾ ಬಿಸಿ ಓವನ್‌ಗೆ ಹೋದ್ರೆ, ಕೊಬ್ಬು ಕರಗಿದ ಜಾಗದಲ್ಲಿ ಸಣ್ಣ ಪೊಳ್ಳು ಉಳಿಯತ್ತೆ, ಅದರ ನೀರು ಆವಿಯಾಗಿ ಸುತ್ತಲಿನ ಹಿಟ್ಟನ್ನ ಮೇಲಕ್ಕೆ ತಳ್ಳತ್ತೆ, ನೀರು ಆವಿಯಾದಾಗ ಅದರ ಗಾತ್ರ 1600 ಪಟ್ಟಿಗೂ ಜಾಸ್ತಿ ಆಗತ್ತೆ ಅಂದ್ರೆ ಆ ಒತ್ತಡ ಎಷ್ಟು ಅಂತ ಲೆಕ್ಕ ಹಾಕಿ. ಬೆಣ್ಣೆ ಮೊದಲೇ ಕರಗಿ ಹಿಟ್ಟಲ್ಲಿ ಬೆರೆತೋದ್ರೆ ಪೊಳ್ಳೂ ಇಲ್ಲ, ಪದರವೂ ಇಲ್ಲ. ಬೆಣ್ಣೆ ಕರಗೋದು 32ರಿಂದ 35 ಡಿಗ್ರಿ ಆಸುಪಾಸಲ್ಲಿ, ನಮ್ಮ ಅಂಗೈ ಬಿಸಿ ಅಷ್ಟೇ ಇರತ್ತೆ, ಅದಕ್ಕೇ ಕೈ ಬಳಕೆ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು.

ನಾನು ಮಾಡೋದು ಹೀಗೆ. ಮೈದಾ, ಬ್ರೌನ್ ಶುಗರ್, ಬೇಕಿಂಗ್ ಪೌಡರ್, ಉಪ್ಪು, ಮಸಾಲೆ ಎಲ್ಲ ಅಗಲವಾದ ಪಾತ್ರೆಯಲ್ಲಿ ಬೆರೆಸಿ, ಶುಗರ್ ಗಂಟಿದ್ರೆ ಬೆರಳಲ್ಲಿ ಒಡೆದು, ಆ ಪಾತ್ರೆಯನ್ನೇ 10 ನಿಮಿಷ ಫ್ರೀಜರ್‌ನಲ್ಲಿಡ್ತೀನಿ. ಬೆಣ್ಣೆನೂ ಅದರ ಪಕ್ಕ 15 ನಿಮಿಷ. ಆಮೇಲೆ ಬೆಣ್ಣೆನ ಗ್ರೇಟರ್‌ನ ದಪ್ಪ ತೂತಿನ ಕಡೆ ಹಿಡಿದು ಸೀದಾ ಹಿಟ್ಟಿನ ಮೇಲೇ ತುರಿಯೋದು, ಮಧ್ಯೆ ಮಧ್ಯೆ ಹಿಟ್ಟನ್ನ ಫೋರ್ಕಲ್ಲಿ ಆಡಿಸ್ತಾ ಇದ್ರೆ ತುರಿ ಒಂದಕ್ಕೊಂದು ಅಂಟ್ಕೊಳ್ಳಲ್ಲ. ಆಮೇಲೆ ಬೆರಳ ತುದಿಯಲ್ಲಿ ಮಾತ್ರ, ಅಂಗೈ ತಾಗಿಸದೆ, ಹಿಟ್ಟನ್ನ ಎತ್ತಿ ಎತ್ತಿ ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿ ಬಿಡೋದು. ಒಂದು ನಿಮಿಷ ಸಾಕು. ಕೆಲವು ಚೂರು ರವೆ ಥರ, ಕೆಲವು ಬಟಾಣಿ ಕಾಳಿನಷ್ಟು ದೊಡ್ಡದು, ಒಂದೆರಡು ಚಪ್ಪಟೆ ಎಲೆ ಥರ ಇರತ್ತೆ, ಹಾಗೇ ಇರ್ಲಿ, ಎಲ್ಲಾ ಒಂದೇ ಸಮ ಮಾಡೋಕೆ ಹೋಗ್ಬೇಡಿ.

ಬೇರೆ ಬಟ್ಟಲಲ್ಲಿ ತಣ್ಣಗಿನ ಪ್ಯೂರೀ, ಮೊಟ್ಟೆ, 2 ಟೇಬಲ್ ಸ್ಪೂನ್ ಕ್ರೀಮ್ ಗಂಟಿಲ್ಲದ ಹಾಗೆ ಕಲಸಿ ಹಿಟ್ಟಿಗೆ ಸುರೀರಿ. ಮೂರನೇ ಸ್ಪೂನ್ ಕ್ರೀಮ್ ಕೈಯಲ್ಲೇ ಇರ್ಲಿ, ಬೇಕಾದ್ರೆ ಮಾತ್ರ. ಮೊಟ್ಟೆ ತಿನ್ನದೋರು ಮೊಟ್ಟೆ ಬದಲು 3 ಟೇಬಲ್ ಸ್ಪೂನ್ ಗಟ್ಟಿ ಮೊಸರು, ಜೊತೆಗೆ ಕಾಲು ಟೀ ಸ್ಪೂನ್ ಅಡಿಗೆ ಸೋಡಾ ಹಾಕಿ, ಸ್ವಲ್ಪ ಉದುರು ಜಾಸ್ತಿ ಬರತ್ತೆ ಅಷ್ಟೇ, ರುಚಿಗೇನೂ ಮೋಸ ಇಲ್ಲ. ಈಗ ಫೋರ್ಕಲ್ಲೇ ತಿರುವಿ. ಮೊದಲ ಅರ್ಧ ನಿಮಿಷ ಇದು ಯಾವತ್ತೂ ಒಂದಾಗಲ್ಲ ಅನ್ನೋ ಹಾಗೆ ಒಣ ಒಣ ಉದುರತ್ತೆ, ಆಗಲೇ ಎಲ್ಲರೂ ಹೆದರಿ ಇನ್ನಷ್ಟು ಹಾಲು ಹಾಕಿಬಿಡೋದು. ಹಾಕಬೇಡಿ. ಪ್ಯೂರೀ ತನ್ನ ನೀರನ್ನ ನಿಧಾನಕ್ಕೆ ಬಿಟ್ಟುಕೊಡತ್ತೆ, ಒಂದ್ ನಿಮಿಷ ಕಾದು ಒಂದು ಮುಷ್ಟಿ ಹಿಡಿದು ಒತ್ತಿ ನೋಡಿ, ಒಟ್ಟಾಗಿ ನಿಂತ್ರೆ ಸಾಕು, ತಳದಲ್ಲಿ ಇನ್ನೂ ಒಣ ಹಿಟ್ಟು ಉಳಿದಿದ್ರೆ ಆಗ ಆ ಮೂರನೇ ಸ್ಪೂನ್ ಕ್ರೀಮ್ ಅಲ್ಲಿಗೆ ಚಿಮುಕಿಸಿ. ನಾದೋ ಹಾಗೇ ಇಲ್ಲ. ನಾದಿದಷ್ಟೂ ಮೈದಾದ ಗ್ಲೂಟನ್ (ಹಿಟ್ಟಿಗೆ ಜಿಗುಟು ಕೊಡೋ ಪ್ರೋಟೀನ್) ಎಳೆ ಬಿಗಿಯಾಗಿ ಸ್ಕೋನ್ ರಬ್ಬರ್ ಆಗತ್ತೆ.

ಹಲಗೆ ಮೇಲೆ ಸ್ವಲ್ಪ ಮೈದಾ ಉದುರಿಸಿ ಎಲ್ಲಾ ಸುರಿದು ಕೈಯಲ್ಲಿ ತಟ್ಟಿ ಆಯತಾಕಾರ ಮಾಡಿ. ಲಕೋಟೆಗೆ ಹಾಕೋ ಕಾಗದ ಮಡಿಚಿದ ಹಾಗೆ ಮೂರು ಮಡಿಕೆ ಮಡಿಚಿ, ತಿರುಗಿಸಿ ಮತ್ತೆ ತಟ್ಟಿ, ಇನ್ನೊಂದ್ಸಲ ಮಡಿಚಿ. ಎರಡೇ ಸಲ. ಮೊದಲ ಸಲ ಹಿಟ್ಟು ಬಿರುಕು ಬಿಟ್ಟು ಮಡಿಕೆ ಸರಿಯಾಗಿ ನಿಲ್ಲಲ್ಲ, ಬದಿಯಲ್ಲಿ ಉದುರಿದ್ದನ್ನ ಮೇಲೆ ಎತ್ತಿ ಹಾಕಿ ಮಡಿಚಿ, ಎರಡನೇ ಸಲಕ್ಕೆ ತಾನಾಗೇ ಹಿಡ್ಕೊಳ್ಳತ್ತೆ. ಆಮೇಲೆ ದುಂಡಗೆ ತಟ್ಟಿ, ಅಡ್ಡಗಲ 18 ಸೆಂಟಿಮೀಟರ್, ದಪ್ಪ ಎರಡೂವರೆ ಸೆಂಟಿಮೀಟರ್. ತೆಳ್ಳಗೆ ತಟ್ಟಿದ್ರೆ ಎಷ್ಟು ಚೆನ್ನಾಗಿ ಕಲಸಿದ್ರೂ ಎತ್ತರ ಬರಲ್ಲ. ದೊಡ್ಡ ಹರಿತ ಚಾಕು ತಗೊಂಡು ಸೀದಾ ಮೇಲಿಂದ ಕೆಳಗೆ ಒತ್ತಿ 8 ತ್ರಿಕೋನ ಕತ್ತರಿಸಿ, ಗರಗಸದ ಥರ ಹಿಂದೆ ಮುಂದೆ ಎಳೀಬೇಡಿ, ಎಳೆದ್ರೆ ಅಂಚಿನ ಪದರಗಳು ಒಂದಕ್ಕೊಂದು ಅಂಟಿ ಮುಚ್ಕೊಂಡು ಮೇಲೇಳೋಕೆ ದಾರಿನೇ ಇರಲ್ಲ. ಚಾಕು ಒರೆಸ್ತಾ ಒರೆಸ್ತಾ ಕತ್ತರಿಸಿ.

ಕತ್ತರಿಸಿದ್ದನ್ನ ಬೇಕಿಂಗ್ ಪೇಪರ್ ಹಾಕಿದ ಟ್ರೇ ಮೇಲೆ ಎರಡೆರಡು ಬೆರಳು ಅಂತರ ಬಿಟ್ಟು ಜೋಡಿಸಿ ಫ್ರೀಜರ್‌ನಲ್ಲಿ 20 ನಿಮಿಷ ಇಡಿ. ಈ ಹೊತ್ತಲ್ಲೇ ಓವನ್ 200 ಡಿಗ್ರಿಗೆ ಹಾಕಿ, ಫ್ಯಾನ್ ಇರೋ ಓವನ್ ಆದ್ರೆ 180, ಮೇಲಿನ ಕೆಳಗಿನ ಎರಡೂ ಕಾಯಿಲ್ ಆನ್ ಇರ್ಲಿ, ತಟ್ಟೆ ಮಧ್ಯದ ಕಂಬಿಗೆ. ಓವನ್ ಪೂರ್ತಿ ಕಾದಿರಲೇಬೇಕು, ಅರೆಬಿಸಿ ಓವನ್‌ಗೆ ಹೋದ ಸ್ಕೋನ್ ಮೊದಲು ಕರಗಿ ಆಮೇಲೆ ಬೇಯತ್ತೆ, ಟ್ರೇ ಮೇಲೆ ಬೆಣ್ಣೆ ಕೊಳ ನಿಂತಿರತ್ತೆ. ಲೈಟ್ ಆರಿದ ತಕ್ಷಣ ಬಿಸಿ ಆಯ್ತು ಅಂತ ನಂಬಬೇಡಿ, ಒಳಗೆ ಒಂದು ಸಣ್ಣ ಓವನ್ ಥರ್ಮಾಮೀಟರ್ ನೇತುಹಾಕಿ, ನನ್ನ ಹಳೇ ಓವನ್ 200 ಅಂತ ತೋರಿಸ್ತಾ ಇದ್ದಾಗ ಒಳಗೆ 175 ಇರ್ತಿತ್ತು, ಅದು ಗೊತ್ತಾಗೋಕೆ ಎಷ್ಟೋ ಟ್ರೇ ಹೋಯ್ತು.

ಫ್ರೀಜರ್‌ನಿಂದ ತೆಗೆದು ಮೇಲ್ಭಾಗಕ್ಕೆ ಮಾತ್ರ ಕ್ರೀಮ್ ಸವರಿ, ಬದಿಗೆ ಇಳಿಯಬಾರದು, ಬೇಕಿದ್ರೆ ದಪ್ಪ ಸಕ್ಕರೆ ಉದುರಿಸಿ, 20ರಿಂದ 24 ನಿಮಿಷ ಬೇಯಿಸಿ. ಕುಂಬಳಕಾಯಿ ಬಣ್ಣ ಮೊದಲೇ ಇರೋದ್ರಿಂದ ಮೇಲಿನ ಬಣ್ಣ ನೋಡಿ ಆಯ್ತು ಅನ್ಕೊಂಡ್ರೆ ಮೋಸ ಹೋಗ್ತೀರ, ಹಾಗಾಗಿ ಒಂದನ್ನ ಎತ್ತಿ ತಳ ನೋಡಿ, ತಳ ಚೆನ್ನಾಗಿ ಕಂದಾಗಿರಬೇಕು, ಮಧ್ಯದ ಬದಿ ಮುಟ್ಟಿದ್ರೆ ಒದ್ದೆ ಹೊಳಪು ಇರಬಾರದು. ಥರ್ಮಾಮೀಟರ್ ಇದ್ದೋರಿಗೆ ಸುಲಭ, ಒಳಗಡೆ 93 ಡಿಗ್ರಿ ದಾಟಿದ್ರೆ ಬೆಂದಿದೆ. ಹೊರಗೆ ತೆಗೆದು ಟ್ರೇ ಮೇಲೆ 5 ನಿಮಿಷ, ಆಮೇಲೆ ಕಂಬಿ ಸ್ಟ್ಯಾಂಡ್ ಮೇಲೆ. ಟ್ರೇ ಮೇಲೇ ಬಿಟ್ರೆ ತಳ ಬೆವೆತು ಮೆತ್ತಗಾಗತ್ತೆ.

ಬೇಕಿಂಗ್ ಪೌಡರ್ ಬಗ್ಗೆ ಒಂದು ಮಾತು, ಡಬ್ಬಿ ಹಳೇದಾಗಿದ್ರೆ ಅರ್ಧ ಟೀ ಸ್ಪೂನ್ ತೆಗೆದು ಬಿಸಿ ನೀರಿಗೆ ಹಾಕಿ, ತಕ್ಷಣ ಜೋರಾಗಿ ನೊರೆ ಉಕ್ಕಿದ್ರೆ ಜೀವ ಇದೆ, ಇಲ್ಲಾಂದ್ರೆ ಹೊಸದು ತನ್ನಿ. 1843ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಬರ್ಡ್ ಈಸ್ಟ್ ಆಗದ ತನ್ನ ಹೆಂಡತಿಗೋಸ್ಕರ ಬೇಕಿಂಗ್ ಪೌಡರ್ ಮಾಡಿದ, ಆ ಥರದ ಪುಡಿ ಅಡುಗೆಮನೆಗೆ ಬಂದಮೇಲೇ ನಾವೀಗ ಮಾಡೋ ಈ ಉಬ್ಬಿದ ಸ್ಕೋನ್ ಸಾಧ್ಯ ಆಗಿದ್ದು. ಹಳೇ ಕಾಲದ ಸ್ಕಾಟ್ಲೆಂಡಿನ ಸ್ಕೋನ್‌ಗಳು ಓಟ್ಸ್, ಬಾರ್ಲಿ ಹಿಟ್ಟಿನವು, ಚಪ್ಪಟೆಯಾಗಿ ಕಾವಲಿ ಮೇಲೆ ಬೇಯಿಸ್ತಿದ್ದವು.

ಗ್ಲೇಸ್, ಅಂದ್ರೆ ಮೇಲೆ ಹಾಕೋ ಸಕ್ಕರೆ ಲೇಪ, ಹಾಕೋದು ನಿಮ್ಮಿಷ್ಟ. ಹಿಟ್ಟಲ್ಲಿ ನಾನು ಸಕ್ಕರೆ ಕಮ್ಮಿ ಇಟ್ಟಿರೋದೇ ಮೇಲೆ ಗ್ಲೇಸ್ ಬರತ್ತೆ ಅಂತ. ಐಸಿಂಗ್ ಶುಗರ್ 100 ಗ್ರಾಂ ಜರಡಿ ಹಿಡಿದು ಹಾಲು ಒಂದು ಟೇಬಲ್ ಸ್ಪೂನ್ ಹಾಕಿ ಕಲಸಿ, ಗಟ್ಟಿ ಅನ್ಸಿದ್ರೆ ಹನಿ ಹನಿಯಾಗಿ ಇನ್ನೂ ಸ್ವಲ್ಪ. ಸ್ಪೂನಿಂದ ಬಿಟ್ಟಾಗ ದಪ್ಪ ದಾರದ ಹಾಗೆ ಇಳಿದು, ಬಟ್ಟಲಲ್ಲಿ ಆ ದಾರದ ಗುರುತು ನಾಲ್ಕೈದು ಸೆಕೆಂಡ್ ಇದ್ದು ಮಾಯ ಆಗಬೇಕು. ಇದರಲ್ಲೇ ಎರಡು ಸ್ಪೂನ್ ತೆಗೆದಿಟ್ಟು ಒಂದು ಚಿಟಿಕೆ ಮಸಾಲೆ, ಚೂರು ಪ್ಯೂರೀ ಬೆರೆಸಿ, ಬಿಳೀ ಗ್ಲೇಸ್ ಒಣಗಿದ ಮೇಲೆ ಅಡ್ಡಡ್ಡ ಗೆರೆ ಎಳೆದ್ರೆ ನೋಡೋಕೂ ಚೆನ್ನ, ವಾಸನೆ ಅಂತೂ ಇಡೀ ಮನೆಗೆ. ಸ್ಕೋನ್ ಪೂರ್ತಿ ಆರಿದ ಮೇಲೇ ಹಾಕಿ, ಬಿಸಿ ಮೇಲೆ ಹಾಕಿದ್ರೆ ಗ್ಲೇಸ್ ಒಳಗೆ ಇಳಿದು ಅಂಟಂಟಾಗತ್ತೆ.

ಸ್ಕೋನ್ ಮಾಡಿದ ದಿನವೇ ತಿನ್ನೋದು. ಮಾರನೇ ದಿನಕ್ಕೆ ಉಳಿದ್ರೆ 160 ಡಿಗ್ರಿ ಓವನ್‌ನಲ್ಲಿ 6-7 ನಿಮಿಷ ಬಿಸಿ ಮಾಡಿ, ಗ್ಲೇಸ್ ಹಾಕದೇ ಇದ್ರೆ ಮಾತ್ರ. ಮೈಕ್ರೋವೇವ್ ಬೇಡ, ಹೊರಗಿನ ಗರಿ ಪೂರ್ತಿ ಹೋಗತ್ತೆ. ನಾನು ಮಾಡೋದು, ಒಂದೇ ಸಲಕ್ಕೆ ಎರಡರಷ್ಟು ಹಿಟ್ಟು ಮಾಡಿ, ನಾಲ್ಕು ಬೇಯಿಸಿ, ಉಳಿದ ಹಸಿ ತ್ರಿಕೋನಗಳನ್ನ ಮೊದಲು ಟ್ರೇ ಮೇಲೇ ಕಲ್ಲಿನ ಹಾಗೆ ಗಟ್ಟಿ ಮಾಡಿ ಆಮೇಲೆ ಜಿಪ್ ಕವರ್‌ಗೆ ಹಾಕಿ ಗಾಳಿ ಒತ್ತಿ ತೆಗೆದು ತಾರೀಕು ಬರೆದು ಫ್ರೀಜರ್‌ಗೆ. ಒಂದೆರಡು ತಿಂಗಳು ಏನೂ ಆಗಲ್ಲ. ಬೇಕಾದಾಗ ಕರಗಿಸದೆ ಹಾಗೇ ಕ್ರೀಮ್ ಸವರಿ ಬಿಸಿ ಓವನ್‌ಗೆ ಇಡಿ, ನಾಲ್ಕೈದು ನಿಮಿಷ ಜಾಸ್ತಿ ಹಿಡಿಯತ್ತೆ, ಅಷ್ಟೊತ್ತಿಗೆ ಕಾಫಿನೂ ಆಗಿರತ್ತೆ.